ಬೋರ್ಡಿನ ಮೇಲಿನ ಇಂಜಿನ್ ಸೋರುವುದಿಲ್ಲ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಸುಮ್ಮನೆ ಆಗಿ ಹೋಗುವುದಿಲ್ಲ. ಮುಗಿದ ಮೇಲೆ ಓಣಿಯವರು ಹೇಳಿಕೊಂಡು ನಗುವುದಕ್ಕೆ ಏನಾದರೂ ಉಳಿದೇ ಉಳಿಯುತ್ತದೆ. ಹಾಗೆ ನಗುವವರಲ್ಲಿ ಸಾಮಾನ್ಯವಾಗಿ ನಾನೇ ಮೊದಲಿಗಳು. ಈ ಸಲ ಮಾತ್ರ ಸ್ವಲ್ಪ ತಡವಾಗಿ ನಕ್ಕೆ.

ಯಲಬುರ್ಗಾದಲ್ಲಿ ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ನಿವೃತ್ತಳಾದರೂ ಊರಿಗೆ ಇಂದಿಗೂ ಅಕ್ಕೋರು. ನಾನು ಮನೆಯಲ್ಲಿ ಕುಳಿತ ತಿಂಗಳಲ್ಲೇ, ತಾಲೂಕು ಕಚೇರಿಯಿಂದ ಮೊದಲೇ ನಿವೃತ್ತರಾಗಿದ್ದ ನನ್ನ ಯಜಮಾನರು ಹೊಸ ಬೈಕು ತಂದರು. ಅದರ ಜೊತೆ ಬಂದ ಪುಸ್ತಕವನ್ನು ಅವರು ದೇವರ ಮಾಡದಲ್ಲಿಟ್ಟು ಕುಂಕುಮ ಹಚ್ಚಿದರು. ನಾನು ಅದನ್ನು ತೆಗೆದು ಓದಿದೆ. ಐದುನೂರು ಕಿಲೋಮೀಟರ್ ಓಡಿದ ಮೇಲೆ ಮೊದಲ ಸಲ ಇಂಜಿನ್ ಎಣ್ಣೆ ಬದಲಿಸಬೇಕೆಂದು ಚಿತ್ರಸಮೇತ ಬರೆದಿತ್ತು. ಇದನ್ನು ಮನೆಯಲ್ಲಿ ನಾನೇ ಮಾಡುತ್ತೇನೆ ಎಂದೆ. ಯಜಮಾನರು ದೇವರ ಕಡೆ ನೋಡಿದರು.

೧. ಅರ್ಧ ಅಂಕ

ನಮ್ಮ ಮನೆಯ ಎದುರಿಗೇ ಒಂದು ಗ್ಯಾರೇಜು. ಅದರ ಮೆಕ್ಯಾನಿಕ್ ಈಗ ನಲವತ್ತರ ಗೃಹಸ್ಥ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ‘ಯಂತ್ರಗಳಿಗೆ ಎಣ್ಣೆ ಏಕೆ ಬೇಕು?’ ಎಂದು ಕೇಳಿದ್ದೆ. ಘರ್ಷಣೆ ಎಂಬ ಒಂದು ಮಾತು ಬರೆದಿದ್ದರೆ ಸಾಕಿತ್ತು. ಇವನು ಬರೆದದ್ದು: ‘ಇಂಜಿನ್ನಿಗೂ ತಲೆ ಇರುತ್ತದೆ. ತಲೆ ಕಾದಾಗ ಎಣ್ಣೆ ಬೇಕೇ ಬೇಕು.’ ಕೆಂಪು ಶಾಯಿಯಲ್ಲಿ ನಾನು ಬರೆದೆ: ‘ಉತ್ತರ ತಪ್ಪು. ಧೈರ್ಯಕ್ಕೆ ಅರ್ಧ ಅಂಕ.’ ಅಷ್ಟಕ್ಕೆ ಬಿಡದೆ ಇಡೀ ತರಗತಿಗೆ ಓದಿಯೂ ಹೇಳಿದೆ.

ಎಣ್ಣೆಯ ಸುದ್ದಿ ಕೇಳಿ ಅವನು ನಮ್ಮ ಗೇಟಿಗೆ ಬಂದ.

“ಅಕ್ಕೋರ, ಗಾಡಿ ಇತ್ತ ಕಳಸ್ರಿ. ಹತ್ತು ನಿಮಿಷದ ಕೆಲಸ.”

“ಬ್ಯಾಡಪ್ಪಾ. ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಇಂಜಿನ್ ಬರದೀನಿ. ನನಗ ಗೊತ್ತೈತಿ.”

“ಬೋರ್ಡಿನ ಮ್ಯಾಲಿನ ಇಂಜಿನ್ ಸೋರಂಗಿಲ್ರಿ ಅಕ್ಕೋರ.”

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಓಣಿಗೆಲ್ಲ ಕೇಳುವಂತೆ ಹೇಳಿದೆ: “ನೀ ಈ ಗಾಡಿಗಿ ಒಂದು ಕೈಬಟ್ಟ ಸೈತ ಹಚ್ಚದಂಗ ಮುಗಿಸ್ತೀನಿ. ನೋಡ್ತಿರು.”

ಒಳಗೆ ಬಂದು ಪುಸ್ತಕ ಬಿಡಿಸಿದರೆ, ಇಂಜಿನ್ನಿನ ಮೇಲ್ಭಾಗಕ್ಕೆ ‘ಹೆಡ್’ ಎಂದೇ ಹೆಸರು ಕೊಟ್ಟಿದ್ದರು. ಅದು ವಿಪರೀತ ಕಾಯುತ್ತದೆ ಎಂಬ ಎಚ್ಚರಿಕೆಯೂ ಇತ್ತು. ಅವನಿಗೆ ಇಷ್ಟರಲ್ಲಿ ಗೊತ್ತಾಗಿರಬಹುದು; ನಾನಾಗಿ ಹೇಳಿಲ್ಲ.

೨. ಕಡಿಮೆ ಬಿದ್ದ ನಲವತ್ತು

ಐದುನೂರು ಕಿಲೋಮೀಟರ್ ತುಂಬುವುದೇ ಕಷ್ಟವಾಯಿತು. ಯಜಮಾನರು ಬೈಕನ್ನು ಒರೆಸುತ್ತಿದ್ದರೇ ಹೊರತು ಓಡಿಸುತ್ತಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹಾಳೆ ತೆಗೆಯಲೂ ಅವರಿಗೆ ಮನಸ್ಸಿಲ್ಲ. ಬ್ರೇಕ್ ಹಾಕಿದಾಗಲೆಲ್ಲ ಟ್ಯಾಂಕಿನವರೆಗೆ ಜಾರಿ ಬರುತ್ತಿದ್ದರು. ಕೊನೆಗೆ ನಲವತ್ತು ಉಳಿದಾಗ, ಒಂದು ದಿನ ಬೆಳಕು ಹರಿಯುತ್ತಲೇ ತಳಕಲ್ಲಿನಲ್ಲಿರುವ ಅವರ ತಂಗಿಯ ಮನೆಗೆ ಅಟ್ಟಿದೆ.

ಸುದ್ದಿಯಿಲ್ಲದೆ ಮುಂಜಾನೆ ಬಾಗಿಲಿಗೆ ಬಂದು ನಿಂತ ಅಣ್ಣನನ್ನು ಕಂಡು ಆಕೆ ಕೈಯ ಹಿಟ್ಟಿನ ಸಮೇತ ಕುಸಿದು ಕುಳಿತಳಂತೆ.

“ಅಣ್ಣಾ, ಯಾರ್ ಹೋದ್ರೋ?”

“ಯಾರೂ ಹೋಗಿಲ್ಲವ್ವಾ. ನಲವತ್ತು ಕಿಲೋಮೀಟರ್ ಕಡಿಮಿ ಬಿದ್ದಿದ್ವು.”

ಚಹಾ ಕೊಟ್ಟಳಂತೆ. ಸಕ್ಕರೆ ಹಾಕಿರಲಿಲ್ಲವಂತೆ.

೩. ಅರ್ಜಿದಾರರು

ಇಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆ ನಮ್ಮ ಕಡೆ ಚೆಲ್ಲುವ ವಸ್ತುವಲ್ಲ. ಗೆದ್ದಲು ಹತ್ತದಂತೆ ಬಾಗಿಲಿಗೆ ಬಳಿಯುತ್ತಾರೆ, ಕಿರುಗುಟ್ಟುವ ಗೇಟಿಗೆ ಬಿಡುತ್ತಾರೆ. ಭಾನುವಾರ ಬೈಕನ್ನು ಅಂಗಳಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಮೂವರು ಹಾಜರು: ಕೊಬ್ಬರಿ ಎಣ್ಣೆಯ ಖಾಲಿ ಬಾಟಲಿ ಹಿಡಿದ ಪಕ್ಕದ ಮನೆಯ ಅಜ್ಜಿ, ಡಬ್ಬಿ ಹಿಡಿದ ಹಿಟ್ಟಿನ ಗಿರಣಿಯವರು, ಬೇವೂರಿನಿಂದ ಐದು ಲೀಟರಿನ ಕ್ಯಾನು ತಂದ ಯಜಮಾನರ ಗೆಳೆಯರು. ಇಂಜಿನ್ನಿನಲ್ಲಿದ್ದದ್ದು ಒಂದೇ ಲೀಟರು.

“ನಂದು ಮೊದಲ್ರಿ,” ಎಂದರು ಅಜ್ಜಿ. “ನನ್ನ ಬಾಗಲಾ ಅರ್ಧ ಗೆದ್ದಲ ತಿಂದೈತಿ.”

ಗಿರಣಿಯವರು ಬಿಡಲಿಲ್ಲ. “ಅಜ್ಜಿ, ಗೆದ್ದಲ ನಿಮ್ಮ ಬಾಗಲಾ ತಿಂದು ಹತ್ತು ವರ್ಷ ಆತು. ಈಗ ನಿಂತಿದ್ದು ಬರೇ ಬಣ್ಣ.”

“ಹಂಗಾದ್ರ ಬಣ್ಣಕ್ಕರ ಹಚ್ಚತೀನಿ, ನಿನಗೇನೋ?”

ಯಜಮಾನರಿಗೆ ಹಳೆಯ ಕಚೇರಿ ನೆನಪಾಯಿತು. ಮೂವರನ್ನೂ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಗಂಟಲು ಸರಿಪಡಿಸಿಕೊಂಡು, “ಪರಿಶೀಲನಾ ಮಾಡಬೇಕಾಗ್ತೈತಿ. ನಾಳಿ ಬರ್ರಿ,” ಎಂದರು.

ಅವರನ್ನು ಕಚೇರಿಯ ಕಾಲದಿಂದ ಬಲ್ಲವರಾದ್ದರಿಂದ ಯಾರೂ ಏಳಲಿಲ್ಲ.

೪. ಉಲ್ಟಾ

ಎಣ್ಣೆ ಇಳಿಸುವ ಬೋಲ್ಟು ಇಂಜಿನ್ನಿನ ತಳದಲ್ಲಿ, ನೆಲಕ್ಕೆ ಮುಖ ಮಾಡಿ ಇರುತ್ತದೆ. ಯಜಮಾನರು ಬೋಲ್ಟು ತಿರುವುವ ಪಾನಾ ಹಿಡಿದು ಕೆಳಗೆ ಮಲಗಿದರು. ನಾನು ಪುಸ್ತಕ ಹಿಡಿದು ಮೇಲೆ ನಿಂತೆ.

“ನನ್ನ ಕೈ ನೋಡಿ ಹಿಂಗ ಎಡಕ್ಕ ತಿರುವ್ರಿ,” ಎಂದು ಮೇಲಿನಿಂದ ಕೈ ತಿರುಗಿಸಿ ತೋರಿಸಿದೆ.

ತಿರುವಿದರು. ಬೋಲ್ಟು ಅಲುಗಲಿಲ್ಲ. ಇನ್ನೂ ಬಲ ಹಾಕಿ ಎಂದೆ. ಹಾಕಿದರು. ಮುಖ ಕೆಂಪಾಯಿತು, ಬೋಲ್ಟು ಮತ್ತಷ್ಟು ಬಿಗಿಯಾಯಿತು. ಮೇಲಿನಿಂದ ನೋಡುವವರ ಎಡ, ಕೆಳಗೆ ಮಲಗಿದವರಿಗೆ ಬಲವಾಗುತ್ತದೆ ಎಂಬುದು ನನಗೆ ಹೊಳೆಯುವ ಮೊದಲೇ ಕೆಳಗಿನಿಂದ ಕ್ಷೀಣವಾದ ದನಿ ಬಂತು.

“ನೀ ಹೇಳಿದ್ದಕ್ಕ ಉಲ್ಟಾ ತಿರುವಲೇನು?”

ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ತಿರುವಿದರು. ಬೋಲ್ಟು ಬಿಚ್ಚಿತು, ಕರಿ ಎಣ್ಣೆ ಬೋಗುಣಿಗೂ ಅವರ ತೋಳಿಗೂ ಸಮನಾಗಿ ಇಳಿಯಿತು.

ಈಗ ಆ ಪ್ರಶ್ನೆಯನ್ನು ದಿನಕ್ಕೆರಡು ಸಲ ಕೇಳುತ್ತಾರೆ.

೫. ಕ್ಷಾಲನ

ಬಿಚ್ಚಿದ ಬೋಲ್ಟನ್ನು ಒರೆಸಿ, ಕಳೆಯದಂತೆ ಭದ್ರವಾದ ಜಾಗದಲ್ಲಿಟ್ಟೆ. ಸಣ್ಣ ವಸ್ತುಗಳಿಗೆ ಭದ್ರ ಜಾಗ ಇರಬೇಕೆಂಬುದು ಪ್ರಯೋಗಾಲಯದಲ್ಲಿ ನಾನು ಮಕ್ಕಳಿಗೆ ಹೇಳುತ್ತಿದ್ದ ಮೊದಲ ಪಾಠ. ಕರಿ ಎಣ್ಣೆಯನ್ನು ಮೂವರಿಗೂ ಹಂಚಿದೆವು. ಒಂದು ಸೌಟು ಮಾತ್ರ ಸಿಕ್ಕ ಬೇವೂರಿನವರು ಕ್ಯಾನು ತಬ್ಬಿಕೊಂಡು ಅಲ್ಲೇ ಕುಳಿತರು. ಅವರು ಏಳಲಿಲ್ಲವೆಂದು ಉಳಿದವರೂ ಏಳಲಿಲ್ಲ. ಎದುರಿನ ಮೆಕ್ಯಾನಿಕ್ ಗ್ಯಾರೇಜಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಕೊನೆಯ ಹನಿಗಳು ಬೀಳಲೆಂದು ಬೋಗುಣಿಯನ್ನು ಮತ್ತೆ ಕೆಳಗಿಟ್ಟು, ಲಾಳಿಕೆ ಹಚ್ಚಿ, ಅವನು ನೋಡಲೆಂದೇ ಬಾಟಲಿಯನ್ನು ಎತ್ತರಕ್ಕೆ ಹಿಡಿದು ಹೊಸ ಎಣ್ಣೆ ಸುರಿಯತೊಡಗಿದೆ.

“ಇನ್ನೂ ಹಳೇದು ಬರಾಕತ್ತೈತಿ ನೋಡು,” ಎಂದರು ಯಜಮಾನರು.

“ಬರ್ಲಿ ಬಿಡ್ರಿ. ಪೂರಾ ಬರಬೇಕು.”

ಸುರಿದೆ. ಬಂತು. ಮತ್ತೆ ಸುರಿದೆ. ಮತ್ತೆ ಬಂತು. ಅಜ್ಜಿ ಬಗ್ಗಿ ಬೋಗುಣಿ ನೋಡಿದರು.

“ಅಕ್ಕೋರ, ಹಳೇದು ಹೊಸದಕ್ಕಿಂತ ಛಲೋ ಐತಲ್ರಿ! ತುಪ್ಪ ಇದ್ದಂಗ ಐತಿ.”

ಬಾಟಲಿ ಆಗಲೇ ಖಾಲಿ. ಬೆವರಿಗೆ ಕನ್ನಡಕ ಮಸುಕಾಗಿತ್ತು. ಸರಿಯಾಗಿ ನೋಡೋಣವೆಂದು, ಒರೆಸುವ ಬಟ್ಟೆಗಾಗಿ ಕನ್ನಡಕದ ಡಬ್ಬಿ ತೆರೆದೆ. ಆ ಮೆತ್ತನೆಯ ಬಟ್ಟೆಯ ಮೇಲೆ, ಅತ್ಯಂತ ಭದ್ರವಾಗಿ, ಬೋಲ್ಟು ಮಲಗಿತ್ತು.

ಡಬ್ಬಿ ಮುಚ್ಚಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ದನಿ ತಾನಾಗಿಯೇ ಬರುತ್ತದೆ.

“ಇದಕ್ಕೆ ಕ್ಷಾಲನ ಎನ್ನುತ್ತಾರೆ. ಮೊದಲ ಬಾಟಲಿಯಿಂದ ಇಂಜಿನ್ನಿನ ಒಳಭಾಗವನ್ನು ತೊಳೆಯುವುದು ವೈಜ್ಞಾನಿಕ ಕ್ರಮ.”

“ಪುಸ್ತಕದಾಗ ಎಲ್ಲೈತಿ ಅದು?” ಎಂದರು ಯಜಮಾನರು. ನಾನು ನೋಡಿದ ನೋಟಕ್ಕೆ ಮತ್ತೆ ಬೈಕಿನ ಕೆಳಗೆ ಹೋಗಿ ಮಲಗಿದರು.

“ಅದಕ್ಕ ಕಲತವ್ರು ಬೇಕು ಅನ್ನೋದು,” ಎಂದು ಅಜ್ಜಿ ತಲೆದೂಗಿದರು. ಬೇವೂರಿನವರು ಸದ್ದಿಲ್ಲದೆ ತಮ್ಮ ಕ್ಯಾನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಮೆಕ್ಯಾನಿಕ್ ರಸ್ತೆ ದಾಟಿ ಬಂದ. ನಾನು ಕರೆದಿರಲಿಲ್ಲ. ಅವನ ಕೈಯಲ್ಲಿ ಹೊಸ ಎಣ್ಣೆಯ ಬಾಟಲಿ.

“ಕ್ಷಾಲನ ಆತಲ್ರಿ ಅಕ್ಕೋರ? ಇನ್ನ ಎರಡನೇ ಬಾಟ್ಲಿ ಹಾಕಬೇಕಲ್ರಿ, ತಂದೀನಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಗಾಡಿಗಿ ಮಾತ್ರ ಕೈಬಟ್ಟ ಹಚ್ಚಂಗಿಲ್ರಿ. ನೀವು ಹೇಳೀರಿ.”

ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ನಾನು ಸೆರಗಿನ ಮರೆಯಲ್ಲಿ ದಾಟಿಸಿದ ಬೋಲ್ಟನ್ನು ಯಜಮಾನರು ನನ್ನನ್ನು ಕೇಳದೆಯೇ ಸರಿಯಾದ ಕಡೆಗೆ ಬಿಗಿದರು. ನಾನು ಎಣ್ಣೆ ಸುರಿದೆ. ಇಂಜಿನ್ ಚಾಲೂ ಆಯಿತು. ಒಂದು ಹನಿಯೂ ಸೋರಲಿಲ್ಲ. ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ನಾನು ಗೆದ್ದವಳ ಹಾಗೆ ಅವನತ್ತ ತಿರುಗಿದೆ.

“ಹೆಂಗಾತು?”

ಅವನು ಬಹಳ ವಿನಯದಿಂದ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದ:

“ಉತ್ತರ ತಪ್ಪೈತ್ರಿ ಅಕ್ಕೋರ. ಧೈರ್ಯಕ್ಕ ಅರ್ಧ ಮಾರ್ಕ್ಸ್. ನಾ ಮಾತ್ರ ಕ್ಲಾಸಿಗೆಲ್ಲ ಓದಿ ಹೇಳಂಗಿಲ್ರಿ.”