ಹಂಗೇರಿಯ ವೈನೂ ನನ್ನ ಘನ ನಾಲಿಗೆಯೂ

ವೈನಿನ ವಿಷಯದಲ್ಲಿ ನನ್ನ ನಾಲಿಗೆಗೆ ಸಾಟಿಯಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಂಬಲು ಕಾರಣವೂ ಇತ್ತು. ಊರಿನಲ್ಲಿ ಪ್ರತಿ ಕ್ರಿಸ್ಮಸ್ಸಿಗೆ ಅಮ್ಮ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಲವಂಗ ಹಾಕಿ ವೈನ್ ಮಾಡುತ್ತಿದ್ದರು. ಅದನ್ನು ಹಳೆಯ ಪಂಚೆಯಲ್ಲಿ ಸೋಸುವ ಅಧಿಕಾರ ನನ್ನದು. ಸೋಸುವವನು ರುಚಿ ನೋಡದೆ ಬಿಡುತ್ತಾನೆಯೇ!

ತೊಂಬತ್ತರ ದಶಕದ ಆರಂಭದಲ್ಲಿ ನಾನು ಮಸ್ಕತ್ತಿನ ದೊಡ್ಡ ಹೋಟೆಲೊಂದರಲ್ಲಿ ಸ್ಟೋರ್ ಕ್ಲಾರ್ಕ್ ಆಗಿದ್ದೆ. ಟವೆಲು, ಬಟಾಟೆ, ಚೀಸ್ ಎಲ್ಲವೂ ನನ್ನ ಸುಪರ್ದಿಯಲ್ಲಿದ್ದವು. ಬಾತ್‌ರೂಮ್ ಮಾತ್ರ ಇರಲಿಲ್ಲ. ಅಲ್ಲಿನ ರೂವಿ ಬಡಾವಣೆಯ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಒಂದು ಕೋಣೆ ನಮ್ಮದು, ಇನ್ನೊಂದು ಉಡುಪಿ ಕಡೆಯ ಸದಾನಂದ ಶೆಟ್ಟರದ್ದು. ಬಾತ್‌ರೂಮ್ ಇಬ್ಬರಿಗೂ ಸೇರಿ ಒಂದೇ. ಶೆಟ್ಟರು ದೇವರಂಥ ಮನುಷ್ಯ. ಆದರೆ ಬೆಳಿಗ್ಗೆ ಪೇಪರ್ ಹಿಡಿದು ಒಳಗೆ ಹೋದರೆ ಕ್ರೀಡಾಪುಟ ಮುಗಿಯುವವರೆಗೆ ಹೊರಗೆ ಬರುವವರಲ್ಲ! ಮಗಳು ಶೆರಿಲ್ ವಾರಕ್ಕೆರಡು ಸಲ "ಡ್ಯಾಡೀ, ಬಸ್ ಈಸ್ ಗಾನ್!" ಎಂದು ಅಳುತ್ತಿದ್ದಳು. ಹೆಂಡತಿ ಲೀನಾ ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಅವಳಿಗೆ ಬೇಕಾಗಿದ್ದದ್ದು ಸ್ವಂತದ್ದೊಂದು ಬಾತ್‌ರೂಮ್.

ಅಷ್ಟರಲ್ಲಿ ಹೋಟೆಲಿನಲ್ಲಿ ಪಾನೀಯ ಖರೀದಿ ಸಹಾಯಕನ ಹುದ್ದೆ ಖಾಲಿಯಾಯಿತು. ಹುದ್ದೆಯ ಜೊತೆಗೆ ಪ್ರತ್ಯೇಕ ಫ್ಲ್ಯಾಟ್! ನಾನು ಓಡಿಹೋಗಿ ಮ್ಯಾನೇಜರ್ ಹಾರ್ಪರ್ ಸಾಹೇಬರ ಮುಂದೆ ನಿಂತೆ.

"ವೈನ್ ಬಗ್ಗೆ ಗೊತ್ತಾ?" ಎಂದು ಕೇಳಿದರು.

"ಹುಟ್ಟಿದಾಗಿನಿಂದ, ಸರ್!" ಎಂದೆ.

"ಒಳ್ಳೆಯದು. ಬುಧವಾರ ಹಂಗೇರಿಯಿಂದ ಒಬ್ಬರು ಎಂಟು ಬಗೆಯ ವೈನ್ ತರುತ್ತಾರೆ. ಬೆಲೆ ಹೇಳುವುದಿಲ್ಲ. ರುಚಿ ನೋಡಿ, ಅತಿ ದುಬಾರಿಯದರಿಂದ ಅತಿ ಅಗ್ಗದ್ದರವರೆಗೆ ಪಟ್ಟಿ ಬರೆದುಕೊಡು."

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಸ್ಟೀಲ್ ಲೋಟದಲ್ಲಿ ಕೆಂಪು ಶರಬತ್ತು ಹಾಕಿ, ಗಿರ್ರನೆ ತಿರುಗಿಸಿ, ಮೂಗು ಒಳಗಿಟ್ಟು ಶಾಸ್ತ್ರೋಕ್ತವಾಗಿ ಉಸಿರೆಳೆದೆ. ಶರಬತ್ತು ಮೂಗಿಗೇರಿತು. ಸೀನಿದೆ. ಎದುರಿಗಿದ್ದ ಶೆಟ್ಟರ ಬಿಳಿ ಅಂಗಿ ಕೆಂಪಾಯಿತು.

"ಎಂಥ ಮಾರಾಯ್ರೆ ಇದು! ವೈನ್ ಕುಡೀಲಿಕ್ಕೂ ಕ್ಲಾಸ್ ಉಂಟಾ?" ಎಂದರು ಶೆಟ್ಟರು.

"ಶೆಟ್ರೇ, ಇವರು ಪಾಸಾದ್ರೆ ಪೂರಾ ಬಾತ್‌ರೂಮ್ ನಿಮ್ಗೇ," ಎಂದಳು ಲೀನಾ. ಶೆಟ್ಟರು ಆ ಕ್ಷಣದಿಂದ ನನ್ನ ಪರವಾಗಿ ಹರಕೆ ಹೊತ್ತರು.

ಬುಧವಾರ ಬಂತು. ಮೇಜಿನ ಮೇಲೆ ಕಾಗದ ಸುತ್ತಿದ ಎಂಟು ಬಾಟಲಿಗಳು, ಪಕ್ಕದಲ್ಲಿ ನೆಲದ ಮೇಲೆ ಥಳಥಳಿಸುವ ಒಂದು ಬಕೆಟ್. ಹಂಗೇರಿಯ ಲಾಸ್ಲೋ ಎಂಬ ದಪ್ಪ ಮೀಸೆಯ ಸಂಭಾವಿತರು ಮೊದಲ ವೈನನ್ನು ಬಾಯಲ್ಲಿ ಆಡಿಸಿ, ಪಿಚಕ್ಕನೆ ಆ ಬಕೆಟ್ಟಿಗೆ ಉಗುಳಿದರು! ಹಾರ್ಪರ್ ಸಾಹೇಬರೂ ಉಗುಳಿದರು. ನಮ್ಮ ಮನೆಯಲ್ಲಿ ವೈನ್ ಒಂದು ಹನಿ ನೆಲಕ್ಕೆ ಚೆಲ್ಲಿದರೂ ಅಮ್ಮ ತಲೆಗೆ ಕುಟ್ಟುತ್ತಿದ್ದರು. ಚರ್ಚಿನ ಪೂಜೆಯಲ್ಲಿ ಪಾದ್ರಿಗಳು ವೈನಿನ ಪಾತ್ರೆ ತೊಳೆದ ನೀರನ್ನೂ ಬಿಡದೆ ಕುಡಿಯುವುದನ್ನು ಕಂಡವನು ನಾನು. ಉಗುಳುವುದೇ? ಸಾಧ್ಯವಿಲ್ಲ! ನುಂಗಿದೆ.

ಎಂಟನ್ನೂ ನುಂಗಿದೆ. ಅನುಮಾನ ಬಂದದ್ದನ್ನು ಎರಡೆರಡು ಸಲ ನುಂಗಿದೆ. ನಾಲ್ಕನೆಯದರ ಹೊತ್ತಿಗೆ ಅನುಮಾನಗಳು ಬಹಳವಾದವು. ಐದನೆಯದಕ್ಕೆ ಹಾರ್ಪರ್ ಸಾಹೇಬರನ್ನು "ಮಾರಾಯ್ರೆ" ಎಂದು ಕರೆದೆನಂತೆ.

ಬೆಲೆ ಕಟ್ಟಲು ನನ್ನಲ್ಲೊಂದು ಸೂತ್ರವಿತ್ತು. ಸ್ಟೋರಿನಲ್ಲಿ ನಾನು ಕಂಡಂತೆ, ಅತಿ ದುರ್ವಾಸನೆಯ ಚೀಸಿಗೇ ಅತಿ ಹೆಚ್ಚು ಬೆಲೆ. ಅಂದ ಮೇಲೆ ದೊಡ್ಡ ಮನುಷ್ಯರ ಪದಾರ್ಥ ಬಾಯಿಗೆ ಕೆಟ್ಟದ್ದಾದಷ್ಟೂ ದುಬಾರಿ ಇರಲೇಬೇಕು! ಮುಖ ಹುಳ್ಳಗಾಗಿಸಿದ ಬಾಟಲಿಗೆ ಮೊದಲ ಸ್ಥಾನ ಕೊಟ್ಟೆ. ಕೊನೆಯ ಪುಟ್ಟ ಬಾಟಲಿಯಲ್ಲಿ ಮಾತ್ರ ಬಂಗಾರದ ಬಣ್ಣದ, ಜೇನಿನಂಥ, ಒಣದ್ರಾಕ್ಷಿ ಪರಿಮಳದ ವೈನ್. ಥೇಟ್ ಅಮ್ಮನ ಭರಣಿಯದೇ! ಕಣ್ಣಲ್ಲಿ ನೀರು ಬಂತು. ಆದರೆ ನ್ಯಾಯ ನ್ಯಾಯವೇ. ಅಮ್ಮ ಇದನ್ನು ನೆರೆಕರೆಗೆಲ್ಲ ಪುಕ್ಕಟೆ ಹಂಚುತ್ತಿದ್ದರಲ್ಲ? ಕೊನೆಯ ಸ್ಥಾನ ಬರೆದು, ಸಹಿ ಹಾಕಿ, ಕುರ್ಚಿ ಎಂದುಕೊಂಡು ಬಕೆಟ್ಟಿನ ಮೇಲೆ ಕುಳಿತೆ.

ಲಾಸ್ಲೋ ತಮ್ಮ ಬೆಲೆಪಟ್ಟಿ ತೆಗೆದರು. ನನ್ನ ಪಟ್ಟಿಯ ಪಕ್ಕದಲ್ಲಿಟ್ಟರು. ಮೀಸೆ ಕುಣಿಯತೊಡಗಿತು. ಎಂಟಕ್ಕೆ ಎಂಟೂ ತಲೆಕೆಳಗು! ಕೊನೆಗೆ ತಳ್ಳಿದ್ದು ಟೊಕಾಯ್ ಎಂಬ, ಒಂದು ಕಾಲದಲ್ಲಿ ಅರಸರು ಕುಡಿಯುತ್ತಿದ್ದ ವೈನ್. ಬೂಷ್ಟು ಹಿಡಿದ ದ್ರಾಕ್ಷಿಯನ್ನು ಒಂದೊಂದಾಗಿ ಆರಿಸಿ ಮಾಡುತ್ತಾರಂತೆ. ಚೀಸ್ ಕೆಟ್ಟದ್ದು ಮೂಗಿಗೆ ಗೊತ್ತಾಗುತ್ತದೆ ಸ್ವಾಮಿ, ದ್ರಾಕ್ಷಿ ಕೆಟ್ಟದ್ದನ್ನು ಯಾರಾದರೂ ಹೇಳಬೇಡವೇ!

ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡರೆ ಲೀನಾ ಟವೆಲು ಕೊಟ್ಟಳು. "ಹೋಗ್ಲಿ ಬಿಡಿ. ಬಾತ್‌ರೂಮ್ ಈಗ ಖಾಲಿ ಉಂಟು, ಬೇಗ ಹೋಗಿ," ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮರುದಿನ ಹಾರ್ಪರ್ ಸಾಹೇಬರು ಕರೆದರು. ಖಲಾಸ್, ಇನ್ನು ಊರಿಗೆ ಟಿಕೆಟ್ಟೇ ಎಂದುಕೊಂಡು ಹೋದೆ.

"ಕಣ್ಣು ಮುಚ್ಚಿ ಬರೆದರೂ ಒಂದೆರಡು ಸರಿಯಾಗುತ್ತವೆ," ಎಂದರು ಅವರು. "ಎಂಟನ್ನೂ ಇಷ್ಟು ಕ್ರಮಬದ್ಧವಾಗಿ ತಪ್ಪು ಮಾಡಬೇಕಾದರೆ ನಾಲಿಗೆ ಬಹಳ ಸೂಕ್ಷ್ಮವಾಗಿರಬೇಕು. ಕೆಲಸ ನಿನ್ನದೇ. ನಿನ್ನ ಪಟ್ಟಿಯನ್ನು ನಾನು ಕೆಳಗಿನಿಂದ ಓದುತ್ತೇನೆ. ಆದರೆ ದಯವಿಟ್ಟು ಉಗುಳು!"

ಮುಂದಿನ ತಿಂಗಳೇ ಹೊಸ ಫ್ಲ್ಯಾಟಿಗೆ ಹೋದೆವು. ಲೀನಾ ಮೊದಲ ದಿನ ಬಾತ್‌ರೂಮಿನಲ್ಲಿ ಒಂದು ಗಂಟೆ ಹಾಡಿದಳು. ಶೆರಿಲ್ ಬಸ್ ಬರುವ ಮೊದಲೇ ಗೇಟಿನಲ್ಲಿ ನಿಂತಿದ್ದಳು. ನನಗೆ ನಿಜಕ್ಕೂ ಸಂತೋಷವಾಯಿತು.

ಆದರೆ ಸಾಹೇಬರ ಆ ಸೂತ್ರವನ್ನು ಹೆಂಡತಿಗೆ ಹೇಳಬಾರದಿತ್ತು. ಶುಕ್ರವಾರ ಮತ್ರಾದ ಮೀನು ಮಾರ್ಕೆಟ್ಟಿನಲ್ಲಿ ಅವಳು ಬಲು ಗೌರವದಿಂದ ಕೇಳುತ್ತಾಳೆ: "ಯಾವುದು ಫ್ರೆಶ್ ಉಂಟು, ಹೇಳಿ ನೋಡುವಾ?" ನಾನು ಕಿವಿರು ಎತ್ತಿ ನೋಡಿ, ಮೂಸಿ, ಗಂಭೀರವಾಗಿ ಒಂದು ಅಂಜಲ್ ಮೀನು ತೋರಿಸುತ್ತೇನೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಬೇರೆಯದನ್ನು ಕೊಳ್ಳುತ್ತಾಳೆ.

ಇದುವರೆಗೆ ಒಂದು ಮೀನೂ ಕೆಟ್ಟದ್ದಿಲ್ಲ!