ಚಾವಿ ಬೇಡದ ಗಡಿಯಾರ

ನಮ್ಮ ಕಾಕಾ ಜೀವಮಾನದಲ್ಲಿ ಒಂದೇ ಒಂದು ಬಸ್ಸನ್ನೂ ಹಿಡಿದವರಲ್ಲ. ಬಸ್ಸುಗಳೇ ತಡವಾಗಿ ಬಂದು ಅವರನ್ನು ಹಿಡಿದಿವೆ! ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರ ನಿಂಬರ್ಗಾದ ಮನೆಯ ಟ್ರಂಕಿನಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತಿತ್ತು. ಕೇಳಿದರೆ, "ಅದಕ್ಕ ದಿನಾ ಚಾವಿ ಕೊಡಬೇಕಲೇ. ಗುಬ್ಬಿಗೆ ಯಾರರೆ ಚಾವಿ ಕೊಡ್ತಾರೇನು?" ಎನ್ನುತ್ತಿದ್ದರು.

ಹಿತ್ತಲ ಬೇವಿನ ಮರವೇ ಅವರ ಗಡಿಯಾರ. ಕಾಗೆ ಕೂಗಿದರೆ ಏಳುವುದು, ಗುಬ್ಬಿ ಅಂಗಳಕ್ಕಿಳಿದರೆ ಚಹಾ, ಬೆಳವನ ಹಕ್ಕಿ ಕೂಗಿದರೆ ರೊಟ್ಟಿ, ಗೊರವಂಕಗಳು ಕೊಂಬೆಗಾಗಿ ಜಗಳ ತೆಗೆದರೆ ದೀಪ. ಆಳಂದದ ಬಸ್ಸು ತಪ್ಪಿದರೆ ತಪ್ಪು ಬಸ್ಸಿನದೇ! "ಗುಬ್ಬಿ ಇನ್ನಾ ಇಳಿದಿಲ್ಲ, ಈ ಡ್ರೈವರಗೇನು ಅವಸರ?"

ಒಂದು ಶ್ರಾವಣದಲ್ಲಿ ಮಧ್ಯಾಹ್ನ ಮೂರಕ್ಕೇ ಮುಗಿಲು ಕಪ್ಪಿಟ್ಟಿತು. ಗೊರವಂಕಗಳು ಮರ ಸೇರಿ ಗದ್ದಲ ಎಬ್ಬಿಸಿದವು. ಕಾಕಾ ಶಿಸ್ತಾಗಿ ರಾತ್ರಿಯೂಟ ಮುಗಿಸಿ ಮಲಗಿಯೇಬಿಟ್ಟರು! ಮೋಡ ಸರಿದು ಬಿಸಿಲು ಬಿದ್ದಾಗ ಗುಬ್ಬಿಗಳು ಇಳಿದವು. ಕಾಕಾ ಎದ್ದು, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಚಹಾ ಕೇಳಿದರು.

"ಇವತ್ತಿನ ಸಂಜೀನೇ ಇನ್ನಾ ಆಗಿಲ್ರಿ, ನೀವು ಆಗಲೇ ನಾಳೆಗೆ ಮುಟ್ಟೀರಿ!" ಎಂದು ಅವರ ಹೆಂಡತಿ, ನಮ್ಮ ಕಾಕು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅದೇ ಕಾಕುವಿನ ಕಣ್ಣಿಗೆ ಪೊರೆ ಬಂದು, ಸೊಲ್ಲಾಪುರದ ದವಾಖಾನೆಯಲ್ಲಿ ಆಪರೇಶನ್ ಆಯಿತು. ಜೊತೆಗೆ ನಾನೂ ಇದ್ದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಅಲುಗಾಡಬಾರದೆಂದು ಹೇಳಿದ್ದರು. ಕಾಕು ಗಟ್ಟಿ ಹೆಂಗಸು, ಆದರೂ ಕಂಗೆಟ್ಟರು. "ಹಗಲೋ ರಾತ್ರೀನೋ ಏನೂ ತಿಳಿವಲ್ದು. ನನಗ ಅಂಜಿಕಿ ಬರಾಕತ್ತದರಿ," ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಆ ಸಂಜೆ ಕಾಕಾ ಬಸ್ಸು ಹಿಡಿದು ಊರಿಗೆ ಹೋದವರು, ಮರುದಿನ ಮೊದಲ ಬಸ್ಸನ್ನೇ ಹಿಡಿದು ಬಂದರು. ಹೌದು, ಹಿಡಿದು! ಯಾಕೆ ಹೋಗಿದ್ದರೆಂದು ಹೇಳಲಿಲ್ಲ.

ಅವರು ಬಂದ ಮಾರನೆಯ ಬೆಳಗ್ಗೆ ವಾರ್ಡಿನೊಳಗೆ "ಕಾ! ಕಾ!" ಕಾಗೆ ಓಡಿಸಲು ಸಿಸ್ಟರು ಕೋಲು ಹಿಡಿದು ಬಂದರೆ, ಮಂಚದ ಪಕ್ಕ ನಮ್ಮ ಕಾಕಾ ಕುತ್ತಿಗೆ ಉಬ್ಬಿಸಿಕೊಂಡು ಕೂತಿದ್ದಾರೆ! ಆಮೇಲೆ ಗುಬ್ಬಿ, ಮಧ್ಯಾಹ್ನಕ್ಕೆ ಬೆಳವ, ಸಂಜೆಗೆ ಗೊರವಂಕಗಳ ಇಡೀ ಜಗಳ ಒಬ್ಬರೇ! ಎರಡೇ ದಿನದಲ್ಲಿ ಪಕ್ಕದ ಮಂಚದ ಮುದುಕಿ, "ಬೆಳವ ಕೂಗಿ ಎಷ್ಟೊತ್ತಾತು, ನನ್ನ ರೊಟ್ಟಿ ಎಲ್ಲದರಿ?" ಎಂದು ಸಿಸ್ಟರನ್ನೇ ದಬಾಯಿಸತೊಡಗಿದಳು. ಕಾಕುವಿನ ಅಂಜಿಕೆ ಹೋಯಿತು.

ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಹಾಕಿದ ದಿನ, ಕಾಕಾನ ಅಂಗಿಯ ತೋಳಿನ ಕೆಳಗೆ ಏನೋ ಹೊಳೆಯಿತು. ಕಾಕು ಬಗ್ಗಿ ನೋಡಿದರು.

"ಇದು ನಮ್ಮಪ್ಪ ಕೊಟ್ಟ ಗಡಿಯಾರ ಅಲ್ಲೇನ್ರಿ?"

"ಹೂಂ. ಇಲ್ಲಿ ಹಕ್ಕಿ ಎಲ್ಲವ? ನಾ ಹೊತ್ತು ತಪ್ಪಿ ಕೂಗಿದ್ರ ನೀ ಕತ್ತಲ್ದಾಗ ಅಂಜತಿದ್ದೆಲ್ಲ."

ಕಾಕು ಆ ಕೈ ಹಿಡಿದುಕೊಂಡು ಅತ್ತುಬಿಟ್ಟರು.

"ಅಳಬ್ಯಾಡಬೇ, ಡಾಕ್ಟರು ಬೈತಾರ," ಎಂದು ಕಾಕಾ ತಾವೇ ಅಳುತ್ತ ಗದರಿಸಿದರು.