ಎಡಕ್ಕೆ ತಿರುಗಿದರೆ ಪೋಂ!

"ಇದನ್ನು ನಾನೇ ರಿಪೇರಿ ಮಾಡ್ತೀನಿ!"

ಹೀಗೆ ಘೋಷಿಸಿದಾಗ ನನ್ನ ಒಂದು ಕೈ ಕಾರಿನ ಬಾನೆಟ್ ಮೇಲಿತ್ತು, ಇನ್ನೊಂದು ಸೊಂಟದ ಮೇಲೆ. ಫೋಟೋ ತೆಗೆಯುವವರು ಯಾರೂ ಇರಲಿಲ್ಲ ಎನ್ನುವುದೊಂದೇ ಕೊರತೆ. ಇದ್ದವಳು ನನ್ನ ಹೆಂಡತಿ ಮಾತ್ರ. ಅವಳು ಗೇಟಿನ ಕಂಬಕ್ಕೆ ಒರಗಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ರೀ, ನಿಮಗೆ ಕಾರು ಓಡಿಸೋಕೇ ಬರಲ್ಲ."

"ಓಡಿಸೋದಕ್ಕೂ ರಿಪೇರಿಗೂ ಏನು ಸಂಬಂಧ? ಹಲ್ಲಿನ ಡಾಕ್ಟರು ನಿನ್ನ ಹಲ್ಲಲ್ಲಿ ಊಟ ಮಾಡ್ತಾರಾ?"

ಇಂಥ ಮಾತಿಗೆ ಬೇರೆ ದಿನವಾಗಿದ್ದರೆ ನಾಲ್ಕು ಪಟ್ಟು ಉತ್ತರ ಬರುತ್ತಿತ್ತು. ಅವತ್ತು ಬರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ವಿಷಯ ಇಷ್ಟು. ನನ್ನ ಹೆಂಡತಿ ಚಿಕ್ಕವಳಿದ್ದಾಗ ಸೈಕಲ್ ಬೇಕು ಎಂದು ಹಟ ಹಿಡಿದಿದ್ದಳಂತೆ. "ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ನೋಡ್ಕೋತಾರೆ? ನಿನಗೆ ಅದೆಲ್ಲ ಆಗಿಬರಲ್ಲ" ಎಂದು ನಮ್ಮ ಅತ್ತೆ ಖಡಾಖಂಡಿತವಾಗಿ ಹೇಳಿದರಂತೆ. ಅವತ್ತು ನುಂಗಿಕೊಂಡ ಸೈಕಲ್ ಇಷ್ಟು ವರ್ಷ ಅವಳ ಹೊಟ್ಟೆಯಲ್ಲೇ ತಿರುಗುತ್ತಿತ್ತು! ಕೊನೆಗೆ, ಓರಗೆಯವರೆಲ್ಲ ಮಂಡಿನೋವಿನ ಮಾತಾಡುವ ವಯಸ್ಸಿನಲ್ಲಿ, ಅವಳು ಕಾರು ಕಲಿತಳು. ಲೈಸೆನ್ಸ್ ಬಂತು. ಹಳೆಯದೊಂದು ಕಾರೂ ಬಂತು. ಭಾನುವಾರ ಬೆಳಿಗ್ಗೆ ಅತ್ತೆ ರೈಲಿನಲ್ಲಿ ಬರುವವರಿದ್ದರು. "ಸ್ಟೇಷನ್‌ಗೆ ನಾನೇ ಬರ್ತೀನಮ್ಮ. ಕಾರಲ್ಲಿ. ನಾನೇ ಓಡಿಸ್ಕೊಂಡು" ಎಂದು ಇವಳು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಬಂದದ್ದು ಒಂದೇ ಮಾತು: "ನೋಡೋಣ."

ಆ 'ನೋಡೋಣ'ವನ್ನು ಇವಳು ವಾರವೆಲ್ಲ ಮೆಲುಕು ಹಾಕಿದಳು. ಶನಿವಾರ ಬೆಳಿಗ್ಗೆ, ಸ್ಟೇಷನ್ ದಾರಿಯಲ್ಲಿ ಒಂದು ಸಲ ಹೋಗಿಬರೋಣವೆಂದು ಕಾರು ಹೊರಗೆ ತೆಗೆದಳು. ನಮ್ಮ ಗೇಟಿನ ಕಂಬ, ನಾವು ಕಟ್ಟಿಸಿ, ನಾವು ಬಣ್ಣ ಬಳಿಸಿ, ನಾವೇ ನೀರು ಹಾಕಿ ಗಟ್ಟಿ ಮಾಡಿದ ಕಂಬ, ನಮಗೇ ಕೈಕೊಟ್ಟಿತು. ಢಂ! ಎಡಗಡೆಯ ಮೂತಿ ಜಜ್ಜಿಹೋಯಿತು, ದೀಪದ ಗಾಜು ಪುಡಿಯಾಯಿತು. ಅವಳಿಗೆ ಏನೂ ಆಗಲಿಲ್ಲ. ಆದರೆ ಕಾರಿನ ವಿದ್ಯುತ್ ಸಂಸಾರ ಕೆಟ್ಟಿತು. ಎಡ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಜೊತೆಗೆ ಮಿಣಮಿಣ ಕಣ್ಣು ಹೊಡೆಯುತ್ತಿತ್ತು. ಹಾರ್ನ್ ಒತ್ತಿದರೆ ನೆಗಡಿಯಾದ ಕುರಿಯ ಹಾಗೆ ಸದ್ದು ಬರುತ್ತಿತ್ತು.

ಅವಳು ಇಳಿದು ಬಂದು ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟಳು.

"ಅಮ್ಮ ಹೇಳಿದ್ದೇ ಸರಿ ಕಣ್ರೀ. ನನಗೆ ಇದೆಲ್ಲ ಆಗಿಬರಲ್ಲ."

ಆ ಮುಖವನ್ನು ನನ್ನಿಂದ ನೋಡಲಾಗಲಿಲ್ಲ. ನನ್ನ ಬಾನೆಟ್ ಘೋಷಣೆ ಹುಟ್ಟಿದ್ದು ಆಗಲೇ. ಜಂಬ ಇರಲಿಲ್ಲ ಎಂದಲ್ಲ, ಜಂಬ ಧಾರಾಳವಾಗಿತ್ತು. ಆದರೆ ಅದರ ಕೆಳಗೆ ಸ್ವಲ್ಪ ಪ್ರೀತಿಯೂ ಇತ್ತು ಎಂದು ದಯವಿಟ್ಟು ನಂಬಬೇಕು.

ನಾನು ಕಾಲೇಜೊಂದರ ಗ್ರಂಥಪಾಲಕ. ಸಾವಿರಾರು ಪುಸ್ತಕಗಳನ್ನು ಹದ್ದುಬಸ್ತಿನಲ್ಲಿ ಇಟ್ಟವನಿಗೆ ನಾಲ್ಕು ವೈರುಗಳು ಯಾವ ಲೆಕ್ಕ? ನಮ್ಮ ವೃತ್ತಿಯಲ್ಲಿ ಒಂದು ಪದ್ಧತಿಯಿದೆ. ಒಂದು ಪುಸ್ತಕ ಕಾಣದಿದ್ದರೆ ಅದೊಂದನ್ನೇ ಹುಡುಕುತ್ತ ಕೂರಬಾರದು. ಇಡೀ ಶೆಲ್ಫ್ ಇಳಿಸಬೇಕು, ಧೂಳು ಒರೆಸಬೇಕು, ಮತ್ತೆ ಜೋಡಿಸಬೇಕು. ಜೋಡಿಸುವಾಗ ತಪ್ಪು ತಾನಾಗಿ ಸಿಗುತ್ತದೆ. ಅದನ್ನೇ ಕಾರಿಗೂ ಅನ್ವಯಿಸಿದೆ! ಮೊದಲು ಬ್ಯಾಟರಿಯ ವೈರು ತೆಗೆದೆ. ಅಷ್ಟು ಬುದ್ಧಿ ದೇವರು ಕೊಟ್ಟಿದ್ದಾನೆ. ಆಮೇಲೆ ಎಡಗಡೆ ಕಣ್ಣಿಗೆ ಬಿದ್ದ ವೈರುಗಳನ್ನೆಲ್ಲ ಒಂದೂ ಬಿಡದೆ ಬಿಚ್ಚಿದೆ. ಹೆಡ್‌ಲೈಟಿನದು, ಇಂಡಿಕೇಟರಿನದು, ಹಾರ್ನಿನದು, ಯಾವುದರದೆಂದು ಆ ಕಾರಿಗೇ ಮರೆತುಹೋದ ಒಂದೆರಡು. ಹಿಂದಿನ ಮಾಲೀಕ ಎಲ್ಲಕ್ಕೂ ಒಂದೇ ತರಹದ ಕ್ಲಿಪ್ ಹಾಕಿಸಿದ್ದ. ನನಗೇನು ಭಯ? ಪ್ರತಿ ವೈರಿಗೂ ಪುಟ್ಟ ಕಾಗದದ ಚೀಟಿ ಅಂಟಿಸಿ, ನನ್ನ ಪ್ರೀತಿಯ ಇಂಕ್ ಪೆನ್ನಿನಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹೆಸರು ಬರೆದೆ.

ಅವಳು ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. "ಏನ್ರೀ ಅದು, ಕಾರಿಗೆ ತೋರಣ ಕಟ್ಟಿದ್ದೀರಾ?"

"ಇದಕ್ಕೆ ವರ್ಗೀಕರಣ ಅಂತಾರೆ. ನಿನಗೆ ಗೊತ್ತಾಗಲ್ಲ."

"ಊಟಕ್ಕೆ ಬನ್ನಿ. ಅದನ್ನೂ ವರ್ಗೀಕರಣ ಮಾಡಿ ಬಡಿಸಿದ್ದೀನಿ."

ಊಟವಾಯಿತು. ಬೆನ್ನು ನೆಟ್ಟಗೆ ಮಾಡೋಣವೆಂದು ಮಲಗಿದವನಿಗೆ ಜೊಂಪು ಹತ್ತಿತು. ಎದ್ದು ಅಂಗಳಕ್ಕೆ ಬಂದರೆ ಕಾರು ಪಳಪಳ ಹೊಳೆಯುತ್ತಿದೆ! ಹೆಂಡತಿ ಕೈಯಲ್ಲಿ ಬಕೆಟ್ ಹಿಡಿದು, ಸೆರಗು ಸಿಕ್ಕಿಸಿ, ಬಾನೆಟ್ಟಿನೊಳಗೆ ಬಗ್ಗಿ ನಿಂತಿದ್ದಾಳೆ.

"ಏನು ಮಾಡ್ತಿದ್ದೀಯಾ?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ನೀವು ಅಷ್ಟೊಂದು ಕಷ್ಟ ಪಡ್ತಿದ್ದೀರಲ್ಲ, ನಾನು ಸುಮ್ನೆ ಕೂತ್ಕೊಳ್ಳೋದು ಹೇಗೆ? ಸರಿಹೋದ್ರೆ ನಾಳೆ ಅಮ್ಮನ ಕಣ್ಣಿಗೆ ಒಳಗೂ ಹೊರಗೂ ಪಳಪಳ ಅನ್ಲಿ ಅಂತ ತೊಳೆದೆ. ಎಷ್ಟು ಧೂಳು ಗೊತ್ತಾ!"

ಬಕೆಟ್ಟಿನ ನೀರು ತಿಳಿನೀಲಿಯಾಗಿತ್ತು. ಅದರಲ್ಲಿ ನನ್ನ ವರ್ಗೀಕರಣ ತೇಲುತ್ತಿತ್ತು! ಒಂದು ಚೀಟಿ ಎತ್ತಿ ನೋಡಿದೆ. 'ಹಾ' ಎನ್ನುವುದರ ಇಳಿ ಮಾತ್ರ ಉಳಿದಿತ್ತು. ಬೈಯಲು ಬಾಯಿ ತೆರೆದೆ. ಆದರೆ ಬೆಳಗಿನಿಂದ ಸಪ್ಪಗಿದ್ದ ಆ ಮುಖದಲ್ಲಿ ಮೊದಲ ಬಾರಿಗೆ ಸ್ವಲ್ಪ ಕಳೆ ಬಂದಿತ್ತು. ತೆರೆದ ಬಾಯಿಂದ "ಚೆನ್ನಾಗಿ ತೊಳೆದಿದ್ದೀಯ" ಎಂದಷ್ಟೇ ಹೊರಗೆ ಬಂತು.

ಎಲ್ಲವನ್ನೂ ಒರೆಸಿ, ಬಿಸಿಲಿಗೆ ಒಣಗಿಸಿ, ನೆನಪಿನ ಮೇಲೆ ಭಾರ ಹಾಕಿ ವೈರುಗಳನ್ನು ಮತ್ತೆ ಜೋಡಿಸಿದೆ. ಬ್ಯಾಟರಿ ಸೇರಿಸಿದೆ. ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಮುಂದೆ ನಿಂತು ಕೈಯೆತ್ತಿ ಅಪ್ಪಣೆ ಕೊಟ್ಟೆ.

"ಹಾರ್ನ್ ಒತ್ತು!"

ಸದ್ದಿಲ್ಲ. ಎಡಗಡೆಯ ಇಂಡಿಕೇಟರ್ ಬಲ್ಬು ಮೌನವಾಗಿ ಹೊತ್ತಿಕೊಂಡಿತು.

"ಒತ್ತಿದೆ ಕಣ್ರೀ. ಕೇಳಿಸ್ತಾ?"

"ಕಾಣಿಸ್ತು! ಈಗ ಎಡ ಇಂಡಿಕೇಟರ್ ಹಾಕು."

ಪೋಂ! ಪೋಂ! ಪೋಂ! ಪೋಂ! ತಾಳ ತಪ್ಪದೆ, ಉಸಿರು ಬಿಡದೆ, ಕಾರು ಕೂಗತೊಡಗಿತು. ಮರಗಳ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಎದುರು ಮಹಡಿ ಮನೆಯ ನಿವೃತ್ತ ಮೇಷ್ಟ್ರು ಬಾಲ್ಕನಿಗೆ ಓಡಿ ಬಂದರು.

"ಏನ್ರೀ, ಎಲ್ಲಿಗೆ ಹೊರಟಿದ್ದೀರಿ ಅಷ್ಟು ಅವಸರವಾಗಿ?"

"ಎಲ್ಲಿಗೂ ಇಲ್ಲ ಸಾರ್! ಎಡಕ್ಕೆ ತಿರುಗ್ತಾ ಇದ್ದೀವಿ!"

"ನಿಂತಲ್ಲೇ?"

ಅವರಿಗೆ ಉತ್ತರ ಕೊಡುವಷ್ಟರಲ್ಲಿ ಕಾರಿನೊಳಗೆ ಚಟ್ ಎಂದಿತು. ಆಮೇಲೆ ಪರಮ ಶಾಂತಿ. ಇಂಡಿಕೇಟರಿನ ಪುಟ್ಟ ಫ್ಯೂಸು ಹಾರ್ನಿನ ಭಾರ ತಾಳಲಾರದೆ ಪ್ರಾಣ ಬಿಟ್ಟಿತ್ತು. ಈಗ ಎಡವೂ ಇಲ್ಲ, ಬಲವೂ ಇಲ್ಲ, ಪೋಂ ಮೊದಲೇ ಇಲ್ಲ. ಅವಸರದಲ್ಲಿ ಕಾರಿನ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಆತ ಪರ ಊರಿನಲ್ಲಿದ್ದ. "ಸೋಮವಾರ ಬರ್ತೀನಿ ಸಾರ್. ಅಲ್ಲೀವರೆಗೂ ದಯವಿಟ್ಟು ಏನೂ ಮುಟ್ಟಬೇಡಿ" ಎಂದ. ಮುಟ್ಟುವುದಕ್ಕೆ ಇನ್ನು ಉಳಿದಿತ್ತಾದರೂ ಏನು?

ಭಾನುವಾರ ಬೆಳಿಗ್ಗೆ ಹೆಂಡತಿ ಸೋಫಾದ ಮೂಲೆಯಲ್ಲಿ ಕಾಲು ಮಡಿಸಿ ಕೂತಿದ್ದಳು. "ಬಾಡಿಗೆ ಕಾರು ತಗೊಂಡು ನೀವೇ ಹೋಗಿಬನ್ನಿ. ನನಗೆ ತಲೆನೋವು ಅಂತ ಹೇಳಿ."

"ತಲೆನೋವು ಇದೆಯಾ?"

"ಅಮ್ಮ ಬಂದು 'ನಾನು ಹೇಳಿರ್ಲಿಲ್ವಾ' ಅಂದ್ರೆ ಬರುತ್ತೆ."

ನನಗೆ ನಿಜವಾಗಿಯೂ ಸಂಕಟವಾಯಿತು. ಅವಳು ಕೆಡಿಸಿದ್ದು ಎಳ್ಳಷ್ಟು, ನಾನು ಸರಿಮಾಡಲು ಹೋಗಿ ಕೆಡಿಸಿದ್ದು ಬೆಟ್ಟದಷ್ಟು. ನನ್ನ ತಪ್ಪಿಗೆ ಅವಳು ತಲೆ ತಗ್ಗಿಸುವುದೇ?

"ಇಂಜಿನ್ ಓಡುತ್ತಾ?" ಎಂದೆ.

"ಓಡುತ್ತೆ."

"ಬ್ರೇಕು?"

"ಅದನ್ನ ನೀವು ಮುಟ್ಟಿಲ್ಲವಲ್ಲ, ಚೆನ್ನಾಗಿದೆ."

"ಹೊರಗೆ ಬಿಸಿಲಿದೆ, ದೀಪ ಬೇಡ. ಇಲ್ಲದೆ ಇರೋದು ಇಂಡಿಕೇಟರು, ಹಾರ್ನು. ಅವೆರಡೂ ಇವತ್ತು ನಾನೇ! ಏಳು."

ಅವಳು ನನ್ನನ್ನು ದಿಟ್ಟಿಸಿದಳು. ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು, ಕೀಲಿಕೈಗೆ ಕೈ ಚಾಚಿದಳು.

ಹೋಗುವಾಗ ರಸ್ತೆ ಖಾಲಿಯಿತ್ತು. ನನ್ನ ಸೇವೆ ಅಷ್ಟಾಗಿ ಬೇಕಾಗಲಿಲ್ಲ. ಸ್ಟೇಷನ್ನಿನಲ್ಲಿ ಅತ್ತೆ ಕಾರನ್ನು ಒಂದು ಸುತ್ತು ಹಾಕಿ ನೋಡಿದರು. ಒಡೆದ ದೀಪದ ಮುಂದೆ ಕ್ಷಣ ನಿಂತರು. ಏನೂ ಕೇಳದೆ ಮುಂದಿನ ಬಾಗಿಲು ತೆರೆದು ಕೂತೇಬಿಟ್ಟರು.

"ನೀವು ಹಿಂದೆ ಕೂತ್ಕೊಳ್ಳಿ ಅಳಿಯಂದಿರೇ. ನನ್ನ ಮಗಳು ಹೇಗೆ ಓಡಿಸ್ತಾಳೆ, ಪಕ್ಕದಲ್ಲೇ ಕೂತು ನೋಡ್ಬೇಕು."

ಹಿಂದೆ ಅವರ ಎರಡು ಚೀಲ, ಒಂದು ಹಾಸಿಗೆ ಸುರುಳಿ, ನಾನು. ಹೆಂಡತಿ "ಎಡ!" ಎಂದರೆ ನಾನು ಎಡ ಕಿಟಕಿಯಿಂದ ಕೈ ಚಾಚಬೇಕು. "ಬಲ!" ಎಂದರೆ ಚೀಲಗಳನ್ನು ದಾಟಿ, ಹಾಸಿಗೆಯ ಮೇಲೆ ಹೊರಳಿ, ಬಲ ಕಿಟಕಿಯಿಂದ ಚಾಚಬೇಕು. ಜಗತ್ತಿನಲ್ಲಿ ಅಷ್ಟೊಂದು ತಿರುವುಗಳಿವೆ ಎಂದು ಅವತ್ತೇ ಗೊತ್ತಾಗಿದ್ದು!

ಹಾರ್ನಿನ ಕಥೆ ಇನ್ನೂ ಘೋರ. ಜೀವನವೆಲ್ಲ ಓದುಗರಿಗೆ "ಶ್‌ಶ್" ಎನ್ನುತ್ತ ಬಂದ ಗಂಟಲು ನನ್ನದು. ಮಾರುಕಟ್ಟೆಯ ಬಳಿ ಸೈಕಲ್ ಸವಾರನೊಬ್ಬ ಅಡ್ಡ ಬಂದ.

"ಹಾರ್ನ್!" ಎಂದಳು ಹೆಂಡತಿ.

ಕಿಟಕಿಯಿಂದ ತಲೆ ಹೊರಗೆ ಹಾಕಿ, ಶಕ್ತಿಯೆಲ್ಲ ಕೂಡಿಸಿ ಕೂಗಿದೆ: "ಶ್‌ಶ್ಶ್!"

ಸೈಕಲ್ ಸವಾರ ಗಾಬರಿಯಿಂದ ತನ್ನ ಟೈರು ನೋಡಿಕೊಂಡ. ಗಾಳಿ ಹೋಯಿತೆಂದುಕೊಂಡು ಪಕ್ಕಕ್ಕೆ ಇಳಿದೇಬಿಟ್ಟ! ದಾರಿಯಾಯಿತು. ಮುಂದೆ ಧೈರ್ಯ ಬಂದು ನಾನೂ "ಪೋಂ!" ಎನ್ನುವುದನ್ನು ಕಲಿತೆ. ಒಬ್ಬ ಹಿರಿಯರು ನಿಂತು ತಿರುಗಿ ನೋಡಿ, "ನನ್ನನ್ನ ಕರೆದ್ರಾ?" ಎಂದು ವಿಚಾರಿಸಿದರು. "ಇಲ್ಲ ಸಾರ್, ಮುಂದೆ ಹೋಗಿ, ಪೋಂ" ಎಂದೆ. ಅತ್ತೆ ಮಾತ್ರ ಯಾವುದಕ್ಕೂ ತಲೆ ತಿರುಗಿಸಲಿಲ್ಲ. ಅವರ ಕಣ್ಣು ಮಗಳ ಕೈಗಳ ಮೇಲೇ ಇತ್ತು.

ಮನೆ ಬಂತು. ಗೇಟು ಬಂತು. ಅದೇ ಕಂಬ ಎದೆಯುಬ್ಬಿಸಿ ನಿಂತಿತ್ತು, ಮೈಮೇಲೆ ಬಿಳಿಯ ಗೀರು ಹೊತ್ತು. ಹೆಂಡತಿ ಕಾರು ನಿಲ್ಲಿಸಿದಳು. ಹಿಂದೆ ಕೂತವನಿಗೂ ಅವಳ ಉಸಿರು ಕೇಳಿಸುತ್ತಿತ್ತು.

"ಈ ಕಂಬನಾ?" ಎಂದರು ಅತ್ತೆ.

"ಹೂಂ ಅಮ್ಮ."

"ಕಂಬಕ್ಕೇನೂ ಆಗಿಲ್ಲವಲ್ಲ. ನಡಿ ಒಳಗೆ."

ಕಾರು ನಿಧಾನವಾಗಿ, ಕಂಬವನ್ನು ಸೋಕದೆ, ಒಳಗೆ ಬಂತು. ಇಂಜಿನ್ ನಿಂತಿತು. ಇಳಿಯುವ ಅವಸರ ಯಾರಿಗೂ ಇರಲಿಲ್ಲ. ಅತ್ತೆ ಬೆಲ್ಟ್ ಬಿಚ್ಚುತ್ತ, ಬೆಲ್ಟಿಗೇ ಹೇಳುವವರಂತೆ, "ಅವತ್ತು ಆ ಸೈಕಲ್ ಕೊಡಿಸ್ಬೇಕಿತ್ತು ಕಣೇ" ಎಂದರು. ಹೆಂಡತಿ ಸ್ಟೀರಿಂಗ್ ಬಿಡಲೇ ಇಲ್ಲ. ನಾನು ಹಾಸಿಗೆ ಸುರುಳಿಯ ಹಿಂದೆ ಮುಖ ಮರೆಸಿಕೊಂಡೆ. ಇಂಡಿಕೇಟರಿಗೂ ಕಣ್ಣಲ್ಲಿ ನೀರು ಬರುತ್ತದೆ.

ಸೋಮವಾರ ಎಲೆಕ್ಟ್ರಿಷಿಯನ್ ಬಂದ. ಕಂಬಕ್ಕೆ ಡಿಕ್ಕಿ ಹೊಡೆದ ಏಟಿಗೆ ದೀಪದ ಹಿಂದಿನ ಅರ್ಥಿಂಗ್ ವೈರು ಸಡಿಲವಾಗಿತ್ತಂತೆ, ಅಷ್ಟೇ. ಅದನ್ನು ಬಿಗಿ ಮಾಡುವುದಕ್ಕೆ ಒಂದು ಗಳಿಗೆ ಸಾಕಾಯಿತು. ನನ್ನ ರಿಪೇರಿಯನ್ನು ರಿಪೇರಿ ಮಾಡುವುದಕ್ಕೆ ಮಧ್ಯಾಹ್ನದವರೆಗೂ ಹಿಡಿಯಿತು! ಕೊನೆಗೆ ಹೆಂಡತಿ ಹಾರ್ನ್ ಒತ್ತಿದಳು. ಪೋಂ! ಬೀದಿಗೆಲ್ಲ ಕೇಳಿಸುವಂಥ, ಆರೋಗ್ಯವಂತ ಪೋಂ.

ಸಂಜೆ ತಾಯಿಯನ್ನು ಸುತ್ತಾಡಿಸಿಕೊಂಡು ಬರಲು ಅವಳು ಕಾರು ತೆಗೆದಳು. ಹಾರ್ನೂ ಇದೆ, ಇಂಡಿಕೇಟರೂ ಇದೆ, ಇನ್ನು ನನ್ನ ಕೆಲಸವೇನೂ ಇಲ್ಲ ಎಂದುಕೊಂಡು ನಾನು ಹಾಯಾಗಿ ಪೇಪರ್ ಬಿಡಿಸಿ ಕೂತೆ. ಮುಂದಿನ ಸೀಟಿನಲ್ಲಿ ಆಗಲೇ ಬೆಲ್ಟ್ ಹಾಕಿ ಕೂತಿದ್ದ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಅಳಿಯಂದಿರೇ, ಹಿಂದೆ ಹತ್ಕೊಳ್ಳಿ."

"ಹಾರ್ನ್ ಸರಿಹೋಗಿದೆಯಲ್ಲ ಅತ್ತೆ!"

"ಸರಿಹೋಗಿದೆ, ಕೇಳಿಸ್ತು. ಆದ್ರೂ ಯಾವುದಕ್ಕೂ ಒಂದು ಸ್ಪೇರ್ ಇರ್ಲಿ."